ಸುಟ್ಟ ಸಕ್ಕರೆಯ ಬಣ್ಣ

ಶನಿವಾರ, ಸಂಜೆ ಐದೂವರೆ

ನನ್ನ ಮುದ್ದು ತಂಗಿ ಚಿಟ್ಟೆಗೆ,

ಈಗ ತಾನೇ ಒಲೆ ಆರಿಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತಿದ್ದೇನೆ. ಬೆಳಗಿನಿಂದ ಸಕ್ಕರೆ ಕಾಯಿಸಿದ್ದೇ ಕೆಲಸ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಬೆರಳೆಲ್ಲ ಅಂಟಂಟು. ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಉತ್ತರಿಸಲು ಕುಳಿತಾಗಲೆಲ್ಲ ‘ನಾನು ಚೆನ್ನಾಗಿದ್ದೇನೆ’ ಎಂಬ ಮೊದಲ ಸಾಲಿಗೇ ಪೆನ್ನು ನಿಂತುಬಿಡುತ್ತಿತ್ತು. ಇವತ್ತು ಆ ಸಾಲನ್ನೇ ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಬಂತು ಕಣೇ, ಬಂತು! ಐಸ್‌ಕ್ರೀಮಿನ ಮೇಲೆ ನಿನ್ನ ಭಾವ ಉದುರಿಸುತ್ತಿದ್ದರಲ್ಲ, ಆ ಸುಟ್ಟ ಸಕ್ಕರೆಯ ಚೂರು ನನ್ನ ಕೈಗೂ ಬಂತು!

ಅವರು ತೀರಿಹೋದಂದಿನಿಂದ ಅಂಗಡಿ ಮುಚ್ಚಿಯೇ ಇತ್ತು. ಮೈದುನ ತಾನೇ ನಿಂತು ಸುಣ್ಣ ಬಣ್ಣ ಮಾಡಿಸಿದ, ಕರಿಹಿಡಿದ ಅಡುಗೆಕೋಣೆಯಲ್ಲಿ ಟ್ಯೂಬ್‌ಲೈಟ್ ಹಾಕಿಸಿದ. ನಾಳೆ ಮತ್ತೆ ಬಾಗಿಲು ತೆರೆಯಬೇಕು. “ಅತ್ತಿಗೆ, ಆ ಹಳೇ ಕಾಲದ್ದೆಲ್ಲ ಈಗ ಯಾರಿಗೆ ಬೇಕು? ಬಣ್ಣಬಣ್ಣದ ಸಕ್ಕರೆ ಕಾಳು ತರಿಸ್ತೀನಿ, ಬಾಟಲಿ ಸಾಸ್ ತರಿಸ್ತೀನಿ. ಒತ್ತಿದ್ರೆ ಬಂತು. ನಿಮಗೆ ಬೆನ್ನು ನೋವೂ ತಪ್ಪುತ್ತೆ” ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ಪಾಪ. ನಾನು ಮಾತ್ರ ಹಟಕ್ಕೆ ಬಿದ್ದೆ. “ಹಾಗಾದ್ರೆ ಬೋರ್ಡೂ ಬದಲಾಯಿಸಪ್ಪಾ. ಆಮೇಲೆ ಇದು ನಿಮ್ಮಣ್ಣನ ಅಂಗಡಿ ಅಲ್ಲ” ಎಂದೆ. ಕೊನೆಗೆ ಇಬ್ಬರೂ ಒಪ್ಪಿದ್ದು ಇಷ್ಟು: ಇವತ್ತು ಸಂಜೆಯೊಳಗೆ ಚೂರು ಸರಿಬಂದರೆ ಹಳೆಯದೇ ಇರಲಿ. ಬಾರದಿದ್ದರೆ ಬಾಟಲಿಗಳು ಕಪಾಟಿಗೆ ಏರಲಿ.

ಉಳಿದವೆಲ್ಲ ನನಗೆ ಒಲಿದಿದ್ದವು. ಪಾಕದಲ್ಲಿ ನೆನೆಸಿದ ಅಕ್ರೋಟು, ಕೆಂಪು ಚೆರ್ರಿ, ಹುರಿದ ಮಾಲ್ಟ್ ಪುಡಿ. ಬಿಸಿಯಾಗಿ ಸುರಿದೊಡನೆ ಐಸ್‌ಕ್ರೀಮಿನ ತಂಪಿಗೆ ಬಿಗಿದು ಚಿಪ್ಪಾಗುವ ಚಾಕೊಲೇಟು. ಅದನ್ನು ನೀನು ಚಮಚದ ಹಿಂಬದಿಯಿಂದ ಕುಟ್ಟಿ ಒಡೆಯುತ್ತಿದ್ದೆ, ನೆನಪಿದೆಯಾ? ಆದರೆ ಸುಟ್ಟ ಸಕ್ಕರೆ ಇಲ್ಲದಿದ್ದರೆ ಅವೆಲ್ಲ ಮದುಮಗಳಿಲ್ಲದ ಮದುವೆ. ನಿನ್ನ ಭಾವ ಗಾಜಿನ ಲೋಟದ ತಳಕ್ಕೆ ಒಂದು ಚಮಚ ಚೂರು ಹಾಕಿಯೇ ಐಸ್‌ಕ್ರೀಂ ತುಂಬುತ್ತಿದ್ದರು. ಮೇಲಿನದು ಆಸೆಗೆ, ಅಡಿಯದು ನೆನಪಿಗೆ ಎನ್ನುತ್ತಿದ್ದರು. ಕೊನೆಯ ತುತ್ತೂ ಹಲ್ಲಿಗೆ ಕರುಂ ಎನ್ನಬೇಕು.

ಆ ಬಣ್ಣ ನನಗೆ ಗೊತ್ತಿತ್ತು. ಗಲ್ಲಾದಲ್ಲಿ ಕುಳಿತು ಇಷ್ಟು ವರ್ಷ ನೋಡಿದ್ದೇನಲ್ಲ: ಹಳೆಯ ಪಿಟೀಲಿನ ಬಣ್ಣ ಬಂದೊಡನೆ ಬಾಣಲೆ ಇಳಿಸುತ್ತಿದ್ದರು. ನಾನೂ ಅದೇ ಬಣ್ಣಕ್ಕೆ ಇಳಿಸಿದೆ. ಕಹಿ! ಪ್ರತಿ ಸಲವೂ ಕಹಿ. ಎದುರು ಅಂಗಡಿಯ ದರ್ಜಿ ಕೊರಳಿಗೆ ಟೇಪು ಹಾಕಿಕೊಂಡೇ ದಿನಾ ರುಚಿ ನೋಡಲು ಬರುತ್ತಿದ್ದ. “ಏನಮ್ಮಾ, ಇವತ್ತೂ ಇದ್ದಿಲಾ?” ಎಂದು ಕೇಳುವುದು, ಬಾಯಿಗೆ ಹಾಕಿಕೊಳ್ಳುವುದು, ಮುಖ ಕಿವುಚಿ “ಹಲ್ಲುಜ್ಜೋಕೆ ಅಡ್ಡಿಯಿಲ್ಲ” ಎನ್ನುವುದು.

ಇವತ್ತು ಮಧ್ಯಾಹ್ನ ಸಕ್ಕರೆ ಕರಗುತ್ತಿರುವಾಗಲೇ ಹೊಸ ಟ್ಯೂಬ್‌ಲೈಟ್ ಪಟಪಟನೆ ಕಣ್ಣು ಮಿಟುಕಿಸಿ ಆರಿಹೋಯಿತು. ಆ ಕೋಣೆಗೆ ಕಿಟಕಿಯೂ ಇಲ್ಲ. ತಡವರಿಸುತ್ತಾ ಕಪಾಟಿನ ಮೇಲೆ ಕೈಯಾಡಿಸಿದರೆ ಮೊದಲು ಒಲೆಯ ಮೇಲೆ ತೂಗುತ್ತಿದ್ದ ಹಳೆಯ ಹಳದಿ ಬಲ್ಬು ಸಿಕ್ಕಿತು. ಸ್ಟೂಲು ಹತ್ತಿ ಹಳೆಯ ಹೋಲ್ಡರಿಗೆ ಅದನ್ನೇ ಸಿಕ್ಕಿಸಿದೆ. ಕೆಳಗೆ ನೋಡುತ್ತೇನೆ, ಬಾಣಲೆಯಲ್ಲಿ ಆಗಲೇ ಪಿಟೀಲಿನ ಬಣ್ಣ! ಇಷ್ಟು ಬೇಗವಾ? ಹೊಗೆ ಎದ್ದಿಲ್ಲ, ಗುಳ್ಳೆ ಇನ್ನೂ ದೊಡ್ಡವೇ ಇವೆ. ತಲೆಯೆತ್ತಿ ಬಲ್ಬು ನೋಡಿದೆ ಕಣೇ. ಆಗ ಹೊಳೆಯಿತು. ಆ ಹಳದಿ ಬೆಳಕಿಗೆ ತಿಳಿ ಪಾಕವೂ ಗಾಢವಾಗಿ ಕಾಣುತ್ತದೆ. ಅವರು ಜೀವಮಾನವೆಲ್ಲ ಆ ಬೆಳಕಿನಲ್ಲೇ ಬಣ್ಣ ನೋಡಿದವರು. ನಾನು ಬಿಳಿ ಬೆಳಕಿನಲ್ಲಿ ಅದೇ ಬಣ್ಣಕ್ಕೆ ಕಾದು ಕಾದು ಸಕ್ಕರೆಯನ್ನು ಕೊಲ್ಲುತ್ತಿದ್ದೆ!

ತಟ್ಟನೆ ಇಳಿಸಿ, ಬೆಣ್ಣೆ ಹಾಕಿ, ಚಿಟಿಕೆ ಉಪ್ಪು ಉದುರಿಸಿ ಕಲ್ಲಿನ ಮೇಲೆ ಸುರಿದೆ. ಆರಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ಸುತ್ತಿಗೆಯಿಂದ ಒಡೆದೆ. ದರ್ಜಿ ಎಂದಿನಂತೆ ಅಣಕಿಸುತ್ತಲೇ ಬಂದ. ಒಂದು ಚೂರು ಬಾಯಿಗೆ ಹಾಕಿಕೊಂಡ. ಕೊರಳ ಟೇಪು ತೆಗೆದು ಮೇಜಿನ ಮೇಲಿಟ್ಟು, “ಇನ್ನೊಂದು ಕೊಡೀಮ್ಮಾ” ಎಂದ.

ಮೈದುನ ಬಾಟಲಿಗಳ ಪೆಟ್ಟಿಗೆ ಹೊತ್ತುಕೊಂಡೇ ಬಂದಿದ್ದ. ತಿಂದವನು ಗೋಡೆಯ ಕಡೆ ತಿರುಗಿ ನಿಂತು, “ಅತ್ತಿಗೆ, ಈ ಬಣ್ಣಕ್ಕೆ ಇನ್ನೊಂದು ಕೈ ಬೇಕಿತ್ತು” ಎಂದ. ಗೋಡೆ ಚೆನ್ನಾಗಿಯೇ ಇತ್ತು. ಅದನ್ನು ಸವರುತ್ತಲೇ, “ಅಣ್ಣಂದೇ. ಥೇಟ್ ಅಣ್ಣಂದೇ” ಎಂದ. ಬಲ್ಬಿನ ವಿಷಯ ಹೇಳಿದೆ. “ಅಯ್ಯೋ, ಲೈಟು ಹಾಕ್ಸಿದ ಪೆದ್ದ ನಾನೇನಾ!” ಎಂದು ತಲೆ ತಲೆ ಬಡಿದುಕೊಂಡು ನಕ್ಕ. ಪೆಟ್ಟಿಗೆ ಬಿಚ್ಚದೆಯೇ ಗಾಡಿಗೆ ಮರಳಿತು.

ನಿನ್ನ ಮಗುವಿನ ಕೆಮ್ಮು ಹೇಗಿದೆ? ಬೇಗ ವಾಸಿಯಾಗಲಿ, ಹೊಟ್ಟೆತುಂಬ ಐಸ್‌ಕ್ರೀಂ ತಿನ್ನುವಷ್ಟು ಗಟ್ಟಿಯಾಗಲಿ. ನಿಮ್ಮ ಮನೆ ಸದಾ ಗಲಾಟೆಯಿಂದ ತುಂಬಿರಲಿ.

ನಿನ್ನ
ಅಕ್ಕ

ಪತ್ರದಲ್ಲಿ ಬರೆಯದೆ ಬಿಟ್ಟದ್ದು: ಚೂರು ಕಹಿಯಾದಾಗಲೆಲ್ಲ ಪಕ್ಕದಲ್ಲೇ ಅವರ ದನಿ ಕೇಳುತ್ತಿತ್ತು. “ಇದಲ್ಲ ಕಣೇ, ಇನ್ನೊಂದ್ಸಲ ಮಾಡು.” ಹುಚ್ಚು ಎಂದುಕೊಂಡಾರೆಂದು ಯಾರಿಗೂ ಹೇಳಿರಲಿಲ್ಲ. ಇವತ್ತು ಸರಿಬಂದದ್ದನ್ನು ಬಾಯಿಗೆ ಹಾಕಿಕೊಂಡು ಒಲೆಯ ಹತ್ತಿರ ಕಾದೆ. ಏನೂ ಕೇಳಲಿಲ್ಲ. ದರ್ಜಿ, ಮೈದುನ ಇಬ್ಬರೂ ಹೋದ ಮೇಲೆ ಇನ್ನೊಂದು ಬಾಣಲೆ ಇಟ್ಟು ಬೇಕೆಂದೇ ಕಪ್ಪಾಗಿಸಿದೆ. ಕಹಿ ಬಂತು, ದನಿ ಬರಲಿಲ್ಲ. ಬಾಣಲೆ ನೆನೆಹಾಕಿದ್ದೇನೆ. ನಾಳೆ ಹಾಲಿನವನು ಆರಕ್ಕೆ ಬರುತ್ತಾನೆ, ಅಂಗಡಿ ಹತ್ತಕ್ಕೆ ತೆರೆಯುತ್ತದೆ.