ಕೈಪಿಡಿಯಲ್ಲಿ ಕಾಲಿಲ್ಲದ ಹಕ್ಕಿಗಳು

ಹಕ್ಕಿ ಗುರುತಿನ ಕೈಪಿಡಿ ಪ್ರಕಟಿಸಿದ ಇಲಾಖೆಯ ಮಾನ್ಯ ನಿರ್ದೇಶಕರೇ,

ನಿಮ್ಮ ಕೈಪಿಡಿ ನೋಡಲು ಬಲು ಚೆನ್ನಾಗಿದೆ. ಅದನ್ನು ಹಿಡಿದು ಹಕ್ಕಿ ಗುರುತಿಸಲು ಮಾತ್ರ ಆಗುವುದಿಲ್ಲ. ಕೊಟ್ಟ ಮಾತು ಮುರಿದು ನೀವು ಅಚ್ಚು ಹಾಕಿಸಿದ ಒಂದು ಫೋಟೋದಿಂದ ನಮ್ಮ ಕೆರೆಯ ಒಂದು ಗೂಡು ಹಾಳಾಯಿತು. ನನ್ನ ಅಕ್ಕ ನನ್ನ ಜೊತೆ ಮಾತು ಬಿಟ್ಟಳು.

ನಾನು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವವಳು. ಕಿವಿ ಕಾಣಬೇಕು, ಮುಖದ ಮೇಲೆ ನೆರಳು ಬೀಳಬಾರದು ಎಂದು ದಿನವಿಡೀ ಜನರ ಗದ್ದ ತಿದ್ದುವುದೇ ನನ್ನ ಕಸುಬು. ನಿಮ್ಮ ಕೈಪಿಡಿಗೆಂದು ಹಕ್ಕಿಗಳನ್ನೂ ಹಾಗೆಯೇ ತೆಗೆದೆ: ಪಕ್ಕದಿಂದ, ಅವುಗಳ ಕಣ್ಣಿನ ಮಟ್ಟಕ್ಕೆ ಬಗ್ಗಿ, ಮೋಡದ ಬೆಳಕಿನಲ್ಲಿ, ಕೊಕ್ಕಿನಿಂದ ಬಾಲದ ತುದಿಯವರೆಗೆ, ಕಾಲು ಸಮೇತ. ಗೂಡುಗಳನ್ನು ದೂರದಿಂದಲೇ ತೋರಿಸಿಕೊಟ್ಟವಳು ಅಕ್ಕ. ಕೆರೆಯ ಜೊಂಡಿನಲ್ಲಿ ಎರಡು ಬಗೆಯ ಪುಟ್ಟ ಹಕ್ಕಿಗಳಿವೆ, ಎರಡೂ ಕಂದು. ಕರಿಗಾಲಿನದು ಎಲ್ಲೆಲ್ಲೂ ಇದೆ. ಹಳದಿಗಾಲಿನದು ಅಪರೂಪ, ಅದು ಗೂಡು ಕಟ್ಟಿದ ಕಡೆ ಜೊಂಡು ಕೊಯ್ಯಬಾರದೆಂದು ನಿಮ್ಮದೇ ಆದೇಶ. ಕಾಲು ಕಾಣದಿದ್ದರೆ ಯಾವುದು ಯಾವುದೆಂದು ಹೇಳುವುದು ಹೇಗೆ?

ಫೋಟೋ ಆರಿಸಲು ಖುದ್ದಾಗಿ ನೀವೇ ಬಂದಿರಿ. ಆ ಅಪರೂಪದ ಹಕ್ಕಿಯ ಇನ್ನೊಂದು ಫೋಟೋ ನಿಮ್ಮ ಕಣ್ಣಿಗೆ ಬಿತ್ತು. ಮುಳುಗುವ ಬಿಸಿಲಿಗೆ ಅದರ ಮೈಯೆಲ್ಲ ಚಿನ್ನವಾಗಿತ್ತು, ಕಾಲು ಎಲೆಗಳಲ್ಲಿ ಮುಚ್ಚಿಹೋಗಿತ್ತು.

"ಇದು ಬೇಡ ಸರ್. ಗೋಡೆಗೆ ಹಾಕ್ಕೊಳ್ಳೋಕೆ ಸರಿ, ಗುರುತಿಗೆ ಆಗಲ್ಲ," ಎಂದೆ.

"ನೀವು ಹೇಳಿದ್ಮೇಲೆ ಮುಗೀತಮ್ಮ. ನೀವು ಆರಿಸಿದ್ದೇ ಅಚ್ಚಾಗುತ್ತೆ," ಎಂದಿರಿ. ನಂಬಿ ಆ ಫೋಟೋ ಸಮೇತ ಎಲ್ಲವನ್ನೂ ಕೊಟ್ಟುಬಿಟ್ಟೆ.

ಜೊಂಡು ಕೊಯ್ಯುವವರು ಬಂದ ಬೆಳಿಗ್ಗೆ ಅಕ್ಕ ಆಗತಾನೇ ಕೈಸೇರಿದ ಕೈಪಿಡಿ ಹಿಡಿದು ಓಡಿದಳು. ಮೇಸ್ತ್ರಿ ಕೆಟ್ಟವನಲ್ಲ; ಕೆಲಸ ನಿಲ್ಲಿಸಿ, "ಎಲ್ಲಿ, ತೋರಿಸಿ ಮೇಡಂ," ಎಂದ. ಅಕ್ಕ ಪುಟ ತೆರೆದಳು. ಪುಟದ ತುಂಬ ಚಿನ್ನದ ಹಕ್ಕಿ! ಎದುರು ಪುಟದಲ್ಲಿ ಕರಿಗಾಲಿನದು, ಅಂದಕ್ಕೆಂದು ಅದರ ಕಾಲನ್ನೂ ಕತ್ತರಿಸಿದ್ದೀರಿ. ವಿವರಣೆಯಲ್ಲಿ 'ಚಿತ್ರ ನೋಡಿ' ಎಂದಷ್ಟೇ.

ನಿಜವಾದ ಹಕ್ಕಿ ಎದುರಿಗೇ ದಂಟಿನ ಮೇಲೆ ಕೂತಿತ್ತು. "ಅದರ ಕಾಲು ನೋಡಪ್ಪ, ಹಳದಿ!" ಎಂದು ಅಕ್ಕ ಕೂಗಿದಳು.

"ಪುಸ್ತಕದಲ್ಲಿ ಕಾಲೇ ಇಲ್ವಲ್ಲ ಮೇಡಂ. ಅಪರೂಪದ್ದು ಚಿನ್ನದ ಬಣ್ಣ, ಇದು ಕಂದು. ಇದು ಮಾಮೂಲಿದೇ."

ಮಧ್ಯಾಹ್ನದೊಳಗೆ ಜೊಂಡು ನೆಲಕ್ಕೆ ಬಿದ್ದಿತ್ತು, ಜೊತೆಗೆ ಮರಿಗಳಿದ್ದ ಗೂಡೂ.

ಅಕ್ಕ ನೇರ ಸ್ಟುಡಿಯೋಗೆ ಬಂದಳು. ಪುಟದ ಕೆಳಗೆ ನನ್ನ ಹೆಸರಿತ್ತು. "ಇದು ನೀನು ತೆಗೆದಿದ್ದಾ?"

"ನಾನೇ ಅಕ್ಕ, ಆದ್ರೆ..."

"ಚೆನ್ನಾಗಿ ಬಂದಿದೆ ಬಿಡು," ಎಂದು ಹೊರಟುಹೋದಳು.

ನಿಮಗೆ ಫೋನ್ ಮಾಡಿದೆ. "ಕಣ್ಣಿಗೆ ಹಿತವಾಗಿರ್ಬೇಕಲ್ಲಮ್ಮ. ನೀವು ಆರಿಸಿದ್ದು ಗುರುತಿನ ಚೀಟಿ ಥರ ಇತ್ತು," ಎಂದಿರಿ. ಗುರುತಿನ ಕೈಪಿಡಿಗೆ ಮತ್ತೇನು ಬೇಕಿತ್ತು ಮಾನ್ಯರೇ? ನಿಮ್ಮ ಪಾಸ್‌ಪೋರ್ಟಿಗೆ ನಾನು ಸೂರ್ಯಾಸ್ತವನ್ನೂ ಅದರ ಮುಂದೆ ನಿಮ್ಮ ಕಪ್ಪು ಆಕೃತಿಯನ್ನೂ ತೆಗೆದುಕೊಟ್ಟರೆ ಒಪ್ಪುವಿರಾ? ಎಷ್ಟು ಹಿತವಾಗಿರುತ್ತದೆ!

ಕೈಪಿಡಿಯನ್ನು ಹಿಂದಕ್ಕೆ ಪಡೆಯಿರಿ. ಕಾಲು ಕಾಣುವ ಚಿತ್ರಗಳೊಂದಿಗೆ ಅದು ಮತ್ತೆ ಅಚ್ಚಾಗುವವರೆಗೆ ಕೆರೆಯ ಉಳಿದ ಜೊಂಡಿಗೆ ಕುಡುಗೋಲು ತಾಗಕೂಡದು. ಇನ್ನೊಂದು ಕೆಲಸವಿದೆ, ಅದಕ್ಕೆ ಯಾವ ಮಂಜೂರಾತಿಯೂ ಬೇಡ. ಅಕ್ಕನ ಮನೆಗೆ ಹೋಗಿ, 'ನಿಮ್ಮ ತಂಗಿ ಬೇಡ ಅಂದಿದ್ರು, ನಾನೇ ಹಾಕಿಸಿದೆ' ಎಂದು ನಿಮ್ಮ ಬಾಯಿಂದಲೇ ಹೇಳಿ. ನಾನು ಹೇಳಿದರೆ ಅದು ನೆಪವಾಗುತ್ತದೆ.

ಇಂತಿ,
ನಿಮ್ಮ ಚಂದದ ಪುಟದಡಿ ತನ್ನ ಹೆಸರು ಕಂಡು ತಲೆ ತಗ್ಗಿಸಿದ
ಒಬ್ಬ ಛಾಯಾಗ್ರಾಹಕಿ