ಡ್ರೈವರನ ಬೆನ್ನಿಗೆ ಹೊಣೆ ಯಾರು?

ಸಾರಿಗೆ ಸಂಸ್ಥೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಡಿಪೋದ ವಿಶ್ರಾಂತಿ ಕೋಣೆಯ ಗೋಡೆಗೆ ಹೊಸದೊಂದು ಭಿತ್ತಿಪತ್ರ ಅಂಟಿಸಿದ್ದೀರಿ: 'ನಿಮ್ಮ ಬೆನ್ನು, ನಿಮ್ಮ ಜವಾಬ್ದಾರಿ'. ದೂರದ ಬಸ್ಸು ಓಡಿಸುವವರು ಸೀಟನ್ನು ಮೈಗೆ ಹೊಂದಿಸಿಕೊಳ್ಳಬೇಕಂತೆ, ಸೊಂಟಕ್ಕೆ ಆಸರೆ ಕೊಡಬೇಕಂತೆ, ಆಗಾಗ ಇಳಿದು ನಾಲ್ಕು ಹೆಜ್ಜೆ ನಡೆಯಬೇಕಂತೆ. ಓದಿ ಮೈಯೆಲ್ಲ ಉರಿದುಹೋಯಿತು. ಈ ಮಾತನ್ನೆಲ್ಲ ನೀವು ಹೇಳುವ ಮೊದಲೇ ಪಾಲಿಸಲು ಹೋದ ನನ್ನ ಗಂಡ ಈಗ ನಡುಮನೆಯ ನೆಲದ ಮೇಲೆ ಮಲಗಿದ್ದಾರೆ. ಮಗ್ಗುಲು ಬದಲಿಸಬೇಕಾದರೂ ನನ್ನನ್ನು ಕೂಗಬೇಕು.

ಅವರಿಗೆ ನೀವು ಕೊಟ್ಟ ಬಸ್ಸಿನ ಸೀಟು ಹಿಂದಕ್ಕೂ ಸರಿಯದು, ಮುಂದಕ್ಕೂ ಸರಿಯದು. ಸರಿಸುವ ಹಿಡಿಕೆ ತುಕ್ಕು ಹಿಡಿದು ಮುರಿದಾಗ ವರ್ಕ್‌ಶಾಪಿನವರು ಸೀಟನ್ನು ಇದ್ದ ಜಾಗಕ್ಕೇ ವೆಲ್ಡ್ ಮಾಡಿ ಕೈತೊಳೆದುಕೊಂಡರು. ನನ್ನ ಗಂಡ ಎತ್ತರದ ಆಳು. ಮೊಣಕಾಲು ಸ್ಟೇರಿಂಗಿಗೆ ತಗಲುತ್ತಿತ್ತು. ಸೊಂಟದ ಹಿಂದೆ ಅಂಗೈ ತೂರುವಷ್ಟು ಖಾಲಿ. ಇಡೀ ಹಗಲು ಹಾಗೇ ಬಾಗಿ ಕೂತು ಓಡಿಸಿ ಮನೆಗೆ ಬಂದರೆ ಬೂಟು ಬಿಚ್ಚಲೂ ಬಗ್ಗಲಾಗುತ್ತಿರಲಿಲ್ಲ. ನಾನು ದರ್ಜಿ. ಗಟ್ಟಿ ಬಟ್ಟೆಯೊಳಗೆ ಹತ್ತಿ ತುಂಬಿ ಒಂದು ದಿಂಬು ಹೊಲಿದುಕೊಟ್ಟೆ. "ಎಷ್ಟೋ ಹಾಯಾಗಿತ್ತು ಕಣೇ," ಎಂದು ಅವತ್ತು ನಗುತ್ತಾ ಬಂದರು. ಆ ನಗು ಹೆಚ್ಚು ದಿನ ಬಾಳಲಿಲ್ಲ. ನಿಮ್ಮ ತಪಾಸಣಾಧಿಕಾರಿ ಬಸ್ಸು ಹತ್ತಿ ದಿಂಬನ್ನು ಕಿತ್ತುಕೊಂಡರು. ಅವರನ್ನೇ ಕೇಳಲು ನಾನು ಡಿಪೋಗೆ ಹೋದೆ.

"ಡ್ರೈವರ್ ಸೀಟಲ್ಲಿ ಸ್ವಂತ ಸಾಮಾನು ಇಡೋ ಹಾಗಿಲ್ಲಮ್ಮ."

"ಹಾಗಾದ್ರೆ ಸೀಟನ್ನಾದ್ರೂ ಸರಿ ಮಾಡಿಸಿ, ಸ್ವಾಮಿ."

"ಅದು ನಮ್ಮ ವಿಭಾಗಕ್ಕೆ ಬರಲ್ಲ. ಬೆನ್ನು ನೋವಾದ್ರೆ ವ್ಯಾಯಾಮ ಮಾಡೋಕೆ ಹೇಳಿ."

ವ್ಯಾಯಾಮವನ್ನೂ ಮಾಡಿದರು, ಮಾನ್ಯರೇ! ದಾರಿಯಲ್ಲಿ ಬಸ್ಸು ನಿಲ್ಲಿಸಿ ಸ್ವಲ್ಪ ಹೊತ್ತು ಮೈ ಸಡಿಲಿಸಿದ್ದಕ್ಕೆ 'ಅನಗತ್ಯ ವಿಳಂಬ' ಎಂಬ ಎಚ್ಚರಿಕೆ ಸಿಕ್ಕಿತು. ನಿಲ್ಲಿಸಿದರೆ ತಪ್ಪು, ನಿಲ್ಲಿಸದಿದ್ದರೆ ಬೆನ್ನು ಹೋಗುತ್ತದೆ. ಮನುಷ್ಯ ಏನು ಮಾಡಿ ಸಾಯಬೇಕು?

ಕೊನೆಗೆ ಒಂದು ಮಧ್ಯಾಹ್ನ ಬೆಟ್ಟದ ಇಳಿಜಾರಿನಲ್ಲಿ ಅವರ ಸೊಂಟದಿಂದ ಬಲಗಾಲಿಗೆ ಮಿಂಚು ಹೊಡೆದಂತಾಗಿ ಪಾದ ಮರಗಟ್ಟಿತು. ಬ್ರೇಕಿನ ಮೇಲೆ ಕಾಲಿದೆಯೋ ಇಲ್ಲವೋ ತಿಳಿಯಲಿಲ್ಲ. ಬಸ್ಸಿನ ತುಂಬ ಜನ. ಗೇರು ಇಳಿಸಿ, ಕೈಬ್ರೇಕು ಎಳೆದು, ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ಬಸ್ಸನ್ನು ಒರಗಿಸಿ ನಿಲ್ಲಿಸಿದರು. ಯಾರಿಗೂ ಒಂದು ಗೀರೂ ಆಗಲಿಲ್ಲ. "ಕುಡಿದಿದ್ದಾನೆ, ಎಳೀರಿ ಕೆಳಗೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಎಳೆಯಲು ಬಂದವರೇ ಅವರ ಮುಖ ನೋಡಿ, ಎತ್ತಿಕೊಂಡು ಇಳಿಸಿದರು.

ಅಷ್ಟು ಜನರ ಜೀವ ಉಳಿಸಿದ್ದಕ್ಕೆ ನಿಮ್ಮ ಕಚೇರಿ ಕೊಟ್ಟ ಬಹುಮಾನ ಒಂದು ನೋಟಿಸು: ನಿಲ್ದಾಣವಲ್ಲದ ಕಡೆ ಬಸ್ಸು ನಿಲ್ಲಿಸಿದ್ದೇಕೆ? ನಾನು ಅದನ್ನು ಓದಿ ಹೇಳಿದಾಗ ಅವರು ಸೂರು ನೋಡುತ್ತಾ, "ತಪ್ಪಾಯ್ತು ಅಂತ ಬರೆದುಬಿಡೇ, ಕೆಲಸ ಉಳೀಲಿ," ಎಂದರು. ನಾನು ಬರೆಯಲಿಲ್ಲ. ಬರೆದದ್ದು ಇದನ್ನು.

ಇನ್ನು ಬಸ್ಸು ಓಡಿಸುವಂತಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಆ ಬಸ್ಸು ಮಾತ್ರ ಬೇರೊಬ್ಬ ಡ್ರೈವರನನ್ನು ಅದೇ ಸೀಟಿನಲ್ಲಿ ಕೂರಿಸಿಕೊಂಡು ಇವತ್ತೂ ಓಡುತ್ತಿದೆ. ಮೊನ್ನೆ ಇವರನ್ನು ನೋಡಲು ಬಂದಿದ್ದ ಆತ, ಹೊರಡುವಾಗ ಗೋಡೆ ಹಿಡಿದು ಎದ್ದ. ನನ್ನ ಗಂಡ ಮುಖ ತಿರುಗಿಸಿಕೊಂಡರು.

ನೋಟಿಸನ್ನು ವಾಪಸು ಪಡೆಯಿರಿ. ನನ್ನ ಗಂಡನಿಗೆ ಅವರ ಬೆನ್ನು ತಾಳುವಂಥ ಕೆಲಸ ಕೊಡಿ. ಡ್ರೈವರು ಇಳಿದು ನಡೆಯಲು ವೇಳಾಪಟ್ಟಿಯಲ್ಲೇ ಬಿಡುವು ಇಡಿ. ಎಲ್ಲಕ್ಕಿಂತ ಮೊದಲು ಆ ಸೀಟು. 'ಪರಿಶೀಲಿಸಲಾಗುವುದು' ಎಂಬ ಉತ್ತರ ಕಳಿಸಬೇಡಿ. ಹೊಸ ಸೀಟು ಹೊತ್ತ ಒಬ್ಬ ಮೆಕ್ಯಾನಿಕ್‌ನನ್ನು ಕಳಿಸಿ, ನಾಳೆ ಬೆಳಿಗ್ಗೆ ಬಸ್ಸು ಹೊರಡುವ ಮುಂಚೆ.

ಇಂತಿ,
ಗಂಡನ ಪರವಾಗಿ ತಪ್ಪೊಪ್ಪಿಗೆ ಬರೆಯಲು ಬಾರದ
ಒಬ್ಬ ದರ್ಜಿ ಹೆಂಗಸು