ಆರುನೂರ ನಲವತ್ತನೇ ಗಂಟೆ

ಫೆಬ್ರುವರಿ 5, ಸೋಮವಾರ. ಬೆಳಿಗ್ಗೆ 7.40
ಮಧುಗಿರಿ–ಶಿರಾ ಬಸ್ಸು. ಕಿಟಕಿ ಸೀಟು. ಅಕ್ಷರ ಕುಣಿಯುತ್ತಿವೆ.
ನಾನು ಲ್ಯಾಬಿನಲ್ಲಿ ಮಾಡಿದ ಕ್ಯಾಟಲಿಸ್ಟ್, ಅಂದರೆ ವೇಗವರ್ಧಕ, ಪ್ಲಾಂಟಿನ ರಿಯಾಕ್ಟರಿಗೆ ಇಳಿದು ಇವತ್ತಿಗೆ ಎಪ್ಪತ್ತು ದಿನ. ಕಡಲೆಕಾಳಿನಷ್ಟು ಅಲ್ಯುಮಿನಾ ಗುಂಡುಗಳು, ಮೈತುಂಬ ಕಣ್ಣಿಗೆ ಕಾಣದ ರಂಧ್ರ, ರಂಧ್ರದೊಳಗೆ ನಿಕ್ಕಲ್. ಕಚ್ಚಾ ಮಾಲಿನ ಆವಿ, ಹೈಡ್ರೋಜನ್ ಎರಡೂ ಇವುಗಳ ನಡುವೆ ಹಾದು ಬೇರೆ ವಸ್ತುವಾಗಿ ಹೊರಬರಬೇಕು. ಗುಂಡು ಮಾತ್ರ ಸವೆಯಬಾರದು, ಪುಡಿಯಾಗಬಾರದು. ಎರಡು ವರ್ಷ. ಹಾಗೆಂದು ಬರೆದು ಸಹಿ ಹಾಕಿದವಳು ನಾನು.
ಶನಿವಾರ ರುದ್ರಮುನಿ ಸರ್ ಸಿಕ್ಕಿದ್ದರು. ಪ್ಲಾಂಟ್ ಹೆಡ್, ಪಾವಗಡದವರು. “ಏಮ್ಮಾ ಭುವನಾ, ನಿನ್ ಗುಂಡು ಕಲ್ಲು ಕಣಮ್ಮ, ಕಲ್ಲು!” ಅಂದರು. ನಕ್ಕೆ. ಬೇಗ ಅಲ್ಲಿಂದ ಹೊರಟೆ.

ಫೆಬ್ರುವರಿ 8, ಗುರುವಾರ. ಮಧ್ಯಾಹ್ನ 2.15
ಜಾವೀದ್ ಲ್ಯಾಬಿಗೆ ಬಂದಿದ್ದ. ರಿಯಾಕ್ಟರಿನ ಸೀನಿಯರ್ ಆಪರೇಟರ್, ಶಿರಾದವನೇ, ಹದಿನಾರು ವರ್ಷದ ಸರ್ವಿಸ್. ಬಾಗಿಲಲ್ಲೇ ನಿಂತು ಸ್ಟೀಲ್ ಡಬ್ಬಿ ತೆರೆದ. ನೀರು. ತಳದಲ್ಲಿ ಕಪ್ಪು ಪುಡಿ, ಎರಡು ಚಮಚದಷ್ಟು. ಗಾಳಿಗೆ ಬಿಟ್ಟರೆ ತಾನಾಗಿ ಹೊತ್ತಿಕೊಳ್ಳುತ್ತದೆ — ಅದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.
“ಕೆಳಗಿನ ಫಿಲ್ಟರ್‌ನಾಗೆ ಸಿಕ್ತು ಮೇಡಂ. ಹಳೇ ಮಾಲು ಮೂರು ವರ್ಷ ಓಡಿಸ್ದೆ, ಇಂಗೆ ಯಾವತ್ತೂ ಬಂದಿಲ್ಲ. ಇದು ನಿಮ್ದೇನಾ?”
“ಲೋಡ್ ಮಾಡುವಾಗಿನ ಧೂಳಿರಬೇಕು.”
“ಎಪ್ಪತ್ತು ದಿನ ಆದ್ಮ್ಯಾಲಾ?”
ಡಬ್ಬಿಯ ಮುಚ್ಚಳ ಹಾಕಿದೆ. ಅವನು ಮತ್ತೆ ಕೇಳಲಿಲ್ಲ. ನನ್ನ ಮೇಲಿನ ಮರ್ಯಾದೆ. ಅದೇ ಕಷ್ಟ.

ಫೆಬ್ರುವರಿ 9, ಶುಕ್ರವಾರ
ಇಲ್ಲಿಯಾದರೂ ಬರೆಯಬೇಕು.
ಹೋದ ವರ್ಷದ ಬಾಳಿಕೆ ಪರೀಕ್ಷೆ. ಲ್ಯಾಬಿನ ಪುಟ್ಟ ರಿಯಾಕ್ಟರಿನಲ್ಲಿ ಸಾವಿರ ಗಂಟೆ ಎಡೆಬಿಡದೆ ನಡೆಯಬೇಕಿತ್ತು. ಆರುನೂರ ನಲವತ್ತನೇ ಗಂಟೆಗೆ ಕರೆಂಟ್ ಹೋಯಿತು. ಜನರೇಟರ್ ಹತ್ತಲಿಲ್ಲ. ಪೂರ್ತಿ ತಣ್ಣಗಾಯಿತು. ಮರುದಿನ ಮತ್ತೆ ಬಿಸಿ ಏರಿಸಿ ಉಳಿದ ಗಂಟೆ ಮುಗಿಸಿದೆ. ಚಾರ್ಟಿನಲ್ಲಿ ಗೆರೆ ಒಂದೇ — ನಡುವಿನ ಖಾಲಿ ಜಾಗ ನಾನೇ ಮುಚ್ಚಿದೆ.
ಅಷ್ಟೇ ಆಗಿದ್ದರೆ... ಅಷ್ಟೇ ಅಲ್ಲ. ಕೊನೆಗೆ ಗುಂಡುಗಳನ್ನು ಒತ್ತಿ ಒಡೆದು ಗಟ್ಟಿತನ ನೋಡಬೇಕು. ಹೊರತೆಗೆದಾಗ ಮೂರರಲ್ಲಿ ಒಂದು ಬಿರುಕು ಬಿಟ್ಟಿತ್ತು. ತಣ್ಣಗಾದಾಗ ರಂಧ್ರದಲ್ಲಿ ನಿಂತ ತೇವ, ಬಿಸಿ ಏರಿದಾಗ ಒಳಗಿಂದ ಸೀಳಿತ್ತು. ಆಗಲೇ ಗೊತ್ತಾಗಿತ್ತು. ಬಿರುಕಿನವನ್ನು ಬದಿಗೆ ಸರಿಸಿದೆ. ಗಟ್ಟಿ ಇದ್ದವನ್ನಷ್ಟೇ ಒತ್ತಿದೆ. ಸರಾಸರಿ ಚೆನ್ನಾಗಿ ಬಂತು.
ಪ್ಲಾಂಟಿನಲ್ಲಿ ಲೋಡ್ ಮಾಡುವ ದಿನ ಆಗಲೇ ನಿಗದಿಯಾಗಿತ್ತು. ನಾಲ್ಕು ವರ್ಷದ ಕೆಲಸ. ಯಾರೂ ಬಲವಂತ ಮಾಡಿರಲಿಲ್ಲ.

ಫೆಬ್ರುವರಿ 21, ಬುಧವಾರ
ಹನ್ನೆರಡು ದಿನ ಪುಸ್ತಕ ಮುಟ್ಟಲಿಲ್ಲ.
ಪವರ್ ಹೋಗಿ ಪ್ಲಾಂಟ್ ಎರಡು ಸಲ ನಿಂತಿತು. ಎರಡು ಸಲವೂ ತಣ್ಣಗಾಗಿ ಮತ್ತೆ ಬಿಸಿ. ಗುಂಡಿನ ರಾಶಿಯ ಮೇಲ್ತುದಿಗೂ ಕೆಳತುದಿಗೂ ಒತ್ತಡದ ವ್ಯತ್ಯಾಸ 0.4 ಬಾರ್ ಇದ್ದದ್ದು 0.9. ಅಂದರೆ ಒಳಗೆ ಪುಡಿ ಕಟ್ಟುತ್ತಿದೆ. ದಾರಿ ಮುಚ್ಚುತ್ತಿದೆ.
ಅವ್ವ: “ಉಣ್ಣೋದ್ ಬುಟ್ಟು ಏನ್ ಲೆಕ್ಕ ಹಾಕ್ತಾ ಕುಂತಿದೀಯೆ? ಮಖ ನೋಡ್ಕೊ, ಎಂಗಾಗೈತೆ.”
ನಾಳೆ ರುದ್ರಮುನಿ ಸರ್‌ಗೆ ಹೇಳುತ್ತೇನೆ.

ಮಾರ್ಚ್ 4, ಸೋಮವಾರ. ಸಂಜೆ 4
ಹೇಳಲಿಲ್ಲ.
ಜಾವೀದ್ ಮೇಲಕ್ಕೆ ಕರೆದೊಯ್ದ. ಮೂರನೇ ಪ್ಲಾಟ್‌ಫಾರಂ. ರಿಯಾಕ್ಟರಿಗೆ ಹೊದಿಸಿದ ತಗಡು ಒಂದು ಕಡೆ ಕಂದಿದೆ. ಅಂಗೈಯಗಲ. ಕೈ ಹತ್ತಿರ ಒಯ್ದರೆ ಝಳ. ಏಳನೇ ಥರ್ಮಾಮೀಟರ್ ಇರುವುದು ಅಲ್ಲೇ ಒಳಗೆ. ಉಳಿದೆಲ್ಲ 210 ಡಿಗ್ರಿ. ಏಳು ಮಾತ್ರ 268. ಪುಡಿ ಕಟ್ಟಿ ಆವಿ ಹರಿಯದ ಕಡೆ ಬಿಸಿ ಕೂಡುತ್ತಿದೆ.
“ಮೀಟರ್ ಕೆಟ್ಟೈತೆ ಅಂತಾರೆ ಎಲ್ಲಾ. ಮೀಟರ್ ಕೆಟ್ರೆ ತಗಡು ಯಾಕೆ ಸುಡ್ತದೆ ಮೇಡಂ?”

ಮಾರ್ಚ್ 5, ಮಂಗಳವಾರ
ಹೇಳಿದೆ. ಹಳೆಯ ಚಾರ್ಟು, ಬದಿಗಿಟ್ಟಿದ್ದ ಬಿರುಕು ಗುಂಡುಗಳು — ಎಸೆದಿರಲಿಲ್ಲ — ಎರಡನ್ನೂ ಮೇಜಿನ ಮೇಲಿಟ್ಟೆ. ರುದ್ರಮುನಿ ಸರ್ ಬೈಯಲಿಲ್ಲ. ಕನ್ನಡಕ ತೆಗೆದರು.
“ನಿಲ್ಲಿಸಿದ್ರೆ?”
“ತಣ್ಣಗಾಗ್ತಾ ಇನ್ನಷ್ಟು ಒಡೆಯುತ್ತೆ ಸರ್. ದಾರಿ ಪೂರ್ತಿ ಮುಚ್ಚಬಹುದು.”
“ನಿಲ್ಲಿಸ್ದಿದ್ರೆ?”
“ಏಳನೇ ಜಾಗ ಕಾಯ್ತಾನೇ ಹೋಗುತ್ತೆ. ಕೊನೆಗೆ ರಿಯಾಕ್ಟರೇ ಸಿಡಿಯಬಹುದು.”
“ಅಂದ್ರೆ ಎರಡೂ ಕಡೆ ಬಾಗಲು ಹಾಕ್ಬುಟ್ಟಿದೀಯ.”
ನಾಳೆ ಬೆಳಿಗ್ಗೆ ನಿಲ್ಲಿಸುವುದು. ನಿಧಾನವಾಗಿ. ಕಚ್ಚಾ ಮಾಲು, ಹೈಡ್ರೋಜನ್ ಬಂದ್ ಮಾಡಿ, ಹೊತ್ತಿಕೊಳ್ಳದ ನೈಟ್ರೋಜನ್ ಹಾಯಿಸಿ ತಣಿಸುವುದು. ನೈಟ್ರೋಜನ್ ವಾಲ್ವು ಮೂರನೇ ಪ್ಲಾಟ್‌ಫಾರಂನಲ್ಲಿ, ಕೈಯಲ್ಲೇ ತಿರುಗಿಸಬೇಕು.
ಜಾವೀದನಿಗೂ ನಾನೇ ಹೇಳಿದೆ. ಕ್ಯಾಂಟೀನ್ ಹಿಂದೆ. ಟೀ ಕೈಯಲ್ಲೇ ಹಿಡಿದು ಕೇಳಿದ.
“ಗಟ್ಟಿ ಇರೋವ್ನ ಮಾತ್ರ ಆರ್ಸಿದ್ರಾ?”
“ಹೂಂ.”
“ಡಬ್ಬಿ ತಂದ ದಿನಾನೂ ಗೊತ್ತಿತ್ತಾ?”
“ಹೂಂ.”
ಟೀ ಚೆಲ್ಲಿದ. “ವಾಲ್ವು ನಾನೇ ತಿರುಗಿಸ್ತೀನಿ. ಅದು ಬಿಗಿ, ಬೇರೆಯೋರಿಗೆ ಬಗ್ಗಲ್ಲ. ಎಷ್ಟೊತ್ತಿಗೆ ಬರ್ಬೇಕು?”
ನನ್ನ ಮುಖ ನೋಡಲಿಲ್ಲ.

ಮಾರ್ಚ್ 6, ಬುಧವಾರ. ಬೆಳಿಗ್ಗೆ 10.20
ಕಂಟ್ರೋಲ್ ರೂಂ. ನಾನು, ರುದ್ರಮುನಿ ಸರ್. ಮೇಲೆ ಜಾವೀದ್, ವಾಲ್ವನ್ನು ಸ್ವಲ್ಪಸ್ವಲ್ಪವೇ ತೆರೆಯುತ್ತ. ಉಳಿದವರನ್ನೆಲ್ಲ ಗೇಟಿನಾಚೆ ಕಳಿಸಿದ್ದಾರೆ. ಪ್ರತಿ ಐದು ನಿಮಿಷಕ್ಕೆ ಅಂಕಿ ಬರೆದುಕೊಳ್ಳುವುದು ನನ್ನ ಕೆಲಸ. ನಡುನಡುವೆ ಇಲ್ಲಿ.
ಕಚ್ಚಾ ಮಾಲು ಬಂದ್. ಹೈಡ್ರೋಜನ್ ಬಂದ್. ಎಲ್ಲ 204. ಏಳು — 281.

11.05
ಎಲ್ಲ 186. ಇಳಿಯುತ್ತಿದೆ. ಏಳು 299.
ನೈಟ್ರೋಜನ್ ಆ ಜಾಗಕ್ಕೆ ತಲುಪುತ್ತಿಲ್ಲ. ಸುತ್ತ ಪುಡಿ ಗಚ್ಚಿನಂತೆ ಕಟ್ಟಿರಬೇಕು. ಒಳಗೆ ಸಿಕ್ಕಿಬಿದ್ದ ಆವಿ ಅಲ್ಲೇ ಬೇಯುತ್ತಿದೆ.

11.20
ಏಳು 322. ರುದ್ರಮುನಿ ಸರ್ ವಾಕಿಟಾಕಿಯಲ್ಲಿ ಕೂಗಿದರು. “ಸಾಕು, ಇಳ್ದು ಬಾರಯ್ಯ!”
“ಇನ್ನೆರಡು ಸುತ್ತು ಐತೆ ಸಾರ್. ಪೂರಾ ತೆಗೆದ್ರೆ ಒಳಗೆ ನುಗ್ತದೆ.”
“ಜಾವೀದ್, ಇಳೀ ಅಂದೆ!”
“ಏಕ್ ಮಿನಿಟ್ ಸಾರ್.”

11.26
351. ಐದು ನಿಮಿಷಕ್ಕೆ ಕಾಯಲಾಗುತ್ತಿಲ್ಲ, ನಿಮಿಷಕ್ಕೊಮ್ಮೆ ಬರೆಯುತ್ತಿದ್ದೇನೆ. 358. ಕರೆದರೆ ಉತ್ತರವಿಲ್ಲ. ಗಾಜಿನಿಂದ ಅವನ ಹಳದಿ ಹೆಲ್ಮೆಟ್ ಕಾಣುತ್ತಿದೆ, ಬಗ್ಗಿದ್ದಾನೆ. ಸರ್ ಮೆಟ್ಟಿಲ ಕಡೆ ಓಡಿದರು. 370. ಈಗ ಆರನೆಯದೂ ಏರುತ್ತಿ